ಬೆಳಿಗ್ಗೆ ಮಾತ್ರ ಸ್ಟಾರ್ಟ್ ಆಗದ ಪಿಕಪ್: ಪೆರ್ಲ ಕಡೆಯ ಒಂದು ಪ್ರಕರಣ

ಗಾಡಿ 2001ರ ಮಾಡೆಲ್, ಕೆಎಲ್ 14, ಅಂದರೆ ಕೇರಳದ ಕಾಸರಗೋಡು ನಂಬರಿನ ಪಿಕಪ್. ನಾಲ್ಕು ಸಿಲಿಂಡರಿನ ಹಳೇ ಡೀಸೆಲ್ ಎಂಜಿನ್. ಡೀಸೆಲ್ ಒತ್ತಿ ಕಳಿಸುವ ರೋಟರಿ ಪಂಪ್, ಅದನ್ನು ಸಿಲಿಂಡರಿಗೆ ಚಿಮ್ಮಿಸುವ ನಾಲ್ಕು ನಾಝಲ್, ಸ್ಟಾರ್ಟಿಗೆ ಮುಂಚೆ ಸಿಲಿಂಡರಿನ ಒಳಗೆ ಬಿಸಿ ಮಾಡುವ ನಾಲ್ಕು ಹೀಟರ್ ಪ್ಲಗ್. ಕಂಪ್ಯೂಟರ್ ಇಲ್ಲ, ಸ್ಕ್ಯಾನರ್ ಸಿಕ್ಕಿಸಲು ಜಾಗವೂ ಇಲ್ಲ. ಕಣ್ಣು, ಕಿವಿ, ಒಂದು ಮಲ್ಟಿಮೀಟರ್, ಇಷ್ಟರಲ್ಲೇ ಕೆಲಸ ಆಗಬೇಕು.

ಮಾಲೀಕರು ಕರ್ನಾಟಕ ಗಡಿಗೆ ಹತ್ತಿರದ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡದ ಬದಿಯಲ್ಲಿ ಅಡಿಕೆ ತೋಟ ಇರುವವರು. ನನಗಿಂತ ತುಂಬಾ ದೊಡ್ಡವರು, ನಾನು ಅಣ್ಣ ಅಂತ ಕರೆಯುವುದು. ಅಡಿಕೆ ಗೋಣಿ, ಗೊಬ್ಬರ, ಮದ್ದಿನ ಡ್ರಮ್ಮು, ಮದುವೆ ಮನೆಯ ಪಾತ್ರೆ ಎಲ್ಲ ಈ ಪಿಕಪ್‌ನಲ್ಲೇ ಹೋಗುವುದು. ನನ್ನ ರಿಪೇರಿ ಶೆಡ್ ಬದಿಯಡ್ಕ ರಸ್ತೆಯಲ್ಲಿ. ಜುಲೈ ಮೊದಲ ವಾರ ಅವರ ಫೋನ್ ಬಂತು.

"ಬೆಳಿಗ್ಗೆ ಮಾತ್ರ ಉಪದ್ರ ಮಾರಾಯಾ. ಹತ್ತು ಗಂಟೆ ಮೇಲೆ ನೀನು ಬಂದ್ರೆ ಎಂತದ್ದೂ ಗೊತ್ತಾಗ್ಲಿಕ್ಕಿಲ್ಲ. ಕೀ ಮುಟ್ಟಿದ್ರೆ ಸಾಕು, ಸ್ಟಾರ್ಟ್."

ತೊಂದರೆ ಹೀಗಿತ್ತು. ಬೆಳಿಗ್ಗೆ ಹೀಟರ್ ಕಾಯಿಸಿ ಸೆಲ್ಫ್ ಹೊಡೆದರೆ ಎಂಜಿನ್ ಹಿಡಿಯುತ್ತದೆ. ನಾಲ್ಕೈದು ಸೆಕೆಂಡ್ ಓಡಿ ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ. ಆಮೇಲೆ ಸೆಲ್ಫ್ ಹೊಡೆದು ಹೊಡೆದು ಸುಸ್ತು. ಹತ್ತು ಹದಿನೈದು ಸಲ ಆದ ಮೇಲೆ ಕೆಮ್ಮುತ್ತಾ, ಒಂದೊಂದೇ ಸಿಲಿಂಡರ್ ಹಿಡಿದು, ಕೊನೆಗೆ ಸರಿ ಓಡುತ್ತದೆ. ಮತ್ತೆ ರಾತ್ರಿವರೆಗೆ ಏನೂ ಇಲ್ಲ. ಹಿಂದಿನ ಮಳೆಗಾಲದಲ್ಲಿ ಅಪರೂಪಕ್ಕೆ ಆಗುತ್ತಿದ್ದದ್ದು ಈ ಸಲ ಹೆಚ್ಚುಕಡಿಮೆ ದಿನಾ ಆಗತೊಡಗಿತ್ತು.

ನನ್ನ ಹತ್ತಿರ ಬರುವ ಮುಂಚೆಯೇ ದುಡ್ಡು ಸಾಕಷ್ಟು ಹೋಗಿತ್ತು. ಬ್ಯಾಟರಿ ಹೊಸದು. ನಾಲ್ಕೂ ಹೀಟರ್ ಹೊಸದು. ನಾಝಲ್ ಬಿಚ್ಚಿ ಪೇಟೆಗೆ ಕಳಿಸಿ ಟೆಸ್ಟ್ ಮಾಡಿಸಿದ್ದೂ ಆಗಿತ್ತು. ಇನ್ನು ಪಂಪ್ ಬಿಚ್ಚಬೇಕು ಅಂತ ಹೇಳಿದ್ದರಂತೆ. ಪಂಪ್ ರಿಪೇರಿ ಅಂದರೆ ಸಣ್ಣ ಖರ್ಚಲ್ಲ. ಅಲ್ಲಿ ಅಣ್ಣನಿಗೆ ಹೆದರಿಕೆ ಹುಟ್ಟಿ ನನಗೆ ಫೋನ್ ಮಾಡಿದ್ದು.

ಇನ್ನೊಂದು ವಿಷಯ ಕೇಳಿ ನನಗೇ ಹೆದರಿಕೆ ಆಯಿತು. ಬೆಳಿಗ್ಗೆ ತುರ್ತು ಇದ್ದಾಗ ಏರ್ ಕ್ಲೀನರ್ ಪೈಪಿಗೆ ಪೆಟ್ರೋಲ್ ಬಟ್ಟೆ ಹಿಡಿದು ಸ್ಟಾರ್ಟ್ ಮಾಡುತ್ತಿದ್ದರು. ದಯವಿಟ್ಟು ಇದನ್ನು ಮಾಡಬೇಡಿ. ಹೀಟರ್ ಇರುವ ಎಂಜಿನ್‌ನಲ್ಲಿ ಒಳಗೆ ಕೆಂಪಗೆ ಕಾದ ತುದಿ ಇರುತ್ತದೆ. ಪೆಟ್ರೋಲ್ ಆವಿಯಾಗಲಿ, ಸ್ಪ್ರೇ ಆಗಲಿ, ಪಿಸ್ಟನ್ ಮೇಲೆ ಬರುವ ಮುಂಚೆಯೇ ಹತ್ತಿಕೊಂಡರೆ ಪಿಸ್ಟನ್ ಒಡೆಯಬಹುದು, ರಾಡ್ ಬಾಗಬಹುದು. ಹಿಡಿದವರ ಮುಖಕ್ಕೂ ಬೆಂಕಿ ಬರಬಹುದು. ಫೋನ್‌ನಲ್ಲೇ ಆ ಬಟ್ಟೆಯನ್ನು ಬಿಸಾಡಿ ಅಂದೆ.

ಮೊದಲ ದಿನ ನಾನು ಹೋದಾಗ ಎಂಟೂವರೆ. ಗಾಡಿ ಅಂಗಳದ ನಡುವೆ ನಿಂತಿತ್ತು, ಎಂಜಿನ್ ಬಿಸಿ. ನನಗೆ ಅನುಕೂಲ ಆಗಲಿ ಅಂತ ಅವರೇ ಕಷ್ಟಪಟ್ಟು ಸ್ಟಾರ್ಟ್ ಮಾಡಿ ಶೆಡ್ಡಿನಿಂದ ಹೊರಗೆ ತಂದಿದ್ದರು. ತಣ್ಣಗಿನ ಎಂಜಿನ್‌ನ ಕಾಯಿಲೆಯನ್ನು ಬಿಸಿ ಎಂಜಿನ್‌ನಲ್ಲಿ ಹುಡುಕಲು ಆಗುವುದಿಲ್ಲ. ಆದರೂ ಬಂದಾಗಿದೆ ಅಂತ ಸೆಲ್ಫ್ ಕಡೆ ನೋಡಿದೆ. ತಿರುಗುವ ಶಬ್ದ ಸ್ವಲ್ಪ ನಿಧಾನ ಅನಿಸಿತು.

ಬ್ಯಾಟರಿ ಸುಮ್ನೆ ಇರುವಾಗ 12.6 ವೋಲ್ಟ್, ಸರಿ. ಪಂಪಿನಲ್ಲಿ ಡೀಸೆಲ್ ದಾರಿಯನ್ನು ಕರೆಂಟಿನಿಂದ ತೆರೆದು ಮುಚ್ಚುವ ಸ್ಟಾಪ್ ಸೊಲೆನಾಯ್ಡ್‌ನ ವಯರ್ ತೆಗೆದು, ಸ್ಟಾರ್ಟ್ ಆಗದ ಹಾಗೆ ಮಾಡಿ ಸೆಲ್ಫ್ ಹೊಡೆಸಿದೆ. ಬ್ಯಾಟರಿ ಮೇಲೆ 10.8. ಸೆಲ್ಫ್ ಮೋಟಾರಿನ ಮೇಲೆ ನೋಡಿದರೆ 9.1. ನಡುವೆ ಎಲ್ಲೋ ವೋಲ್ಟೇಜು ಕಳೆದುಹೋಗುತ್ತಿದೆ. ಮೀಟರಿನ ಒಂದು ಮುಳ್ಳು ಬ್ಯಾಟರಿ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಮತ್ತೊಮ್ಮೆ ಹೊಡೆಸಿದೆ. 1.3 ವೋಲ್ಟ್. ಇದು ಅರ್ಧ ವೋಲ್ಟಿನ ಒಳಗೆ ಇರಬೇಕು. ಅರ್ತ್ ಕೇಬಲ್ ಬಿಚ್ಚಿದಾಗ ಬೋಲ್ಟಿನ ಕೆಳಗೆ ಬಿಳಿ ಹಸಿರು ಪುಡಿ. ನಮ್ಮ ಮಳೆ, ನಮ್ಮ ಸೆಕೆ, ಇದು ಎಲ್ಲ ಗಾಡಿಗೂ ಆಗುವುದೇ. ಉಜ್ಜಿ ಹೊಸ ಲಗ್ ಹಾಕಿ ಬಿಗಿ ಮಾಡಿದ ಮೇಲೆ 0.2ಕ್ಕೆ ಇಳಿಯಿತು. ಸೆಲ್ಫ್ ಶಬ್ದವೇ ಬದಲಾಯಿತು. ಕಾರಣ ಸಿಕ್ಕಿತು ಅಂತ ನಾನು ವಾಪಸ್ ಬಂದೆ.

ಮರುದಿನ ಆರೂವರೆಗೆ ಫೋನ್. "ಸೆಲ್ಫ್ ಈಗ ಭಾರೀ ಚಂದ ತಿರುಗ್ತದೆ. ಆದ್ರೆ ಗಾಡಿ ಸ್ಟಾರ್ಟ್ ಇಲ್ಲ."

ಅರ್ತ್ ಹಾಳಾಗಿದ್ದದ್ದು ನಿಜ. ಸರಿ ಮಾಡಲೇಬೇಕಿತ್ತು. ಆದರೆ ಇವರ ದೂರಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಬರೇ ಸೆಲ್ಫ್ ನಿಧಾನ ಆಗಿದ್ದರೆ ಎಂಜಿನ್ ಮೊದಲ ಸಲವೇ ಹಿಡಿಯುತ್ತಿರಲಿಲ್ಲ. ಇಲ್ಲಿ ಹಿಡಿದು, ಓಡಿ, ಆಮೇಲೆ ನಿಲ್ಲುತ್ತಿದೆ. ಅವರು ಫೋನ್‌ನಲ್ಲಿ ಹೇಳಿದ್ದ ಈ ಮಾತನ್ನು ನಾನು ಆಗಲೇ ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು.

ಆ ಸಂಜೆ ಸಾಮಾನು ತೆಗೆದುಕೊಳ್ಳದೆ ಹೋದೆ. ಅತ್ತಿಗೆ ಚಹಾ ತಂದಿಟ್ಟರು. ಜಗಲಿಯಲ್ಲಿ ಕೂತು ಅಣ್ಣನ ಹತ್ತಿರ ಒಂದೇ ಪ್ರಶ್ನೆ ಕೇಳಿದೆ: ಯಾವ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ ಅಂತ ಬೇಡ, ಯಾವ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಿದೆ ಹೇಳಿ.

ಸ್ವಲ್ಪ ಯೋಚಿಸಿದರು. "ಕರ್ನಾಟಕದ ಡೀಸೆಲ್ ಹಾಕಿದ ಮರುದಿನ ತೊಂದರೆ ಇಲ್ಲ. ಅಲ್ಲಿನ ಡೀಸೆಲ್ ಒಳ್ಳೇದು ಮಾರಾಯಾ."

ನಮ್ಮ ಕಡೆಯವರಿಗೆ ಇದು ಗೊತ್ತಿರುವುದೇ. ಗಡಿ ದಾಟಿದರೆ ರೇಟು ಕಮ್ಮಿ. ಹಾಗಾಗಿ ಅಡಿಕೆ ಕೊಡಲು ವಿಟ್ಲಕ್ಕೋ ಪುತ್ತೂರಿಗೋ ಹೋದವರು ಬರುವಾಗ ಟ್ಯಾಂಕ್ ತುಂಬಿಸಿಕೊಂಡೇ ಬರುತ್ತಾರೆ. ಊರಿನಲ್ಲಿ ಹಾಕುವಾಗ ಐನೂರು, ಸಾವಿರ, ಅಷ್ಟೇ. ಅಂದರೆ ಗಡಿಯಾಚೆ ಡೀಸೆಲ್ ಹಾಕಿದ ದಿನ ಅಂದರೆ ಟ್ಯಾಂಕ್ ಫುಲ್ ಆದ ದಿನ. ಡೀಸೆಲ್ ಯಾವ ರಾಜ್ಯದ್ದು ಅನ್ನುವುದಕ್ಕಿಂತ ಎಷ್ಟಿತ್ತು ಅನ್ನುವುದು ನನ್ನ ತಲೆಗೆ ಹೊಕ್ಕಿತು.

"ಮತ್ತೆ?"

"ಪುತ್ತೂರಲ್ಲಿ ಮಗಳ ಮನೆಯಲ್ಲಿ ಒಂದು ರಾತ್ರಿ ನಿಂತಿದ್ದೆ. ಅಲ್ಲಿ ಬೆಳಿಗ್ಗೆ ಮುಟ್ಟಿದ ಕೂಡಲೇ ಸ್ಟಾರ್ಟ್."

ಅಲ್ಲಿ ಅಂಗಳ ಹೇಗಿದೆ ಅಂತ ಕೇಳಿದೆ. ಸಮ, ಇಂಟರ್‌ಲಾಕ್ ಹಾಕಿದ್ದಾರೆ ಅಂದರು. ಇವರ ಶೆಡ್ಡು ಹಾಗಲ್ಲ. ಗುಡ್ಡ ಕಡಿದು ಮಾಡಿದ ಜಾಗ, ಒಳಗೆ ಹೋದ ಹಾಗೆ ಏರು. ಗಾಡಿ ಮೂತಿ ಮೇಲೆ ಮಾಡಿ ನಿಲ್ಲುತ್ತದೆ. ಎಂಜಿನ್ ಎತ್ತರದಲ್ಲಿ, ಟ್ಯಾಂಕ್ ತಗ್ಗಿನಲ್ಲಿ.

ಅಷ್ಟರಲ್ಲಿ ಅಲ್ಲೇ ಆಡುತ್ತಿದ್ದ ಮೊಮ್ಮಗಳು ಹೇಳಿದಳು: "ಅಜ್ಜನ ಗಾಡಿ ಅಡಿಯಲ್ಲಿ ಕೆಲವು ಸಲ ಕಾಮನಬಿಲ್ಲು ಇರ್ತದೆ." ನೀರಿನ ಮೇಲೆ ಡೀಸೆಲ್ ಹರಡಿದರೆ ಕಾಣುವ ಬಣ್ಣ. ಕೆಲವು ಸಲ ಅಂದದ್ದೇ ಮುಖ್ಯ. ದಿನಾ ಇಲ್ಲ.

ಇಲ್ಲಿ ಸ್ವಲ್ಪ ನಿಂತು ಒಳಗಿನ ವಿಷಯ ಹೇಳಬೇಕು. ಈ ಗಾಡಿಯಲ್ಲಿ ಟ್ಯಾಂಕಿನ ಹತ್ತಿರ ಡೀಸೆಲ್ ತಳ್ಳುವ ಪಂಪ್ ಇಲ್ಲ. ರೋಟರಿ ಪಂಪೇ ಟ್ಯಾಂಕಿನಿಂದ ಪೈಪು, ಪೈಪಿನಿಂದ ಫಿಲ್ಟರ್, ಫಿಲ್ಟರಿನಿಂದ ತನ್ನ ಹೊಟ್ಟೆಗೆ ಎಳೆದುಕೊಳ್ಳಬೇಕು. ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ. ಸ್ಟ್ರಾದಲ್ಲಿ ಸಣ್ಣ ತೂತಿದ್ದರೆ ಎಳನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಓಡುವಾಗ ಪಂಪ್ ಆ ಗಾಳಿಯನ್ನು ಹೇಗೋ ರಿಟರ್ನ್ ಪೈಪಿಗೆ ದಾಟಿಸಿ ಸುಧಾರಿಸಿಕೊಳ್ಳುತ್ತದೆ. ರಾತ್ರಿ ಗಾಡಿ ನಿಂತಾಗ ಆ ತೂತಿನಿಂದ ಗಾಳಿ ಹೊಕ್ಕು ಮೇಲೆ ಏರುತ್ತದೆ, ಡೀಸೆಲ್ ಕೆಳಗೆ ಟ್ಯಾಂಕಿಗೆ ಇಳಿಯುತ್ತದೆ. ಬೆಳಿಗ್ಗೆ ಪಂಪಿನ ಹೊಟ್ಟೆಯಲ್ಲಿ ಉಳಿದ ಸ್ವಲ್ಪ ಡೀಸೆಲ್‌ನಲ್ಲಿ ಎಂಜಿನ್ ನಾಲ್ಕು ಸೆಕೆಂಡ್ ಓಡುತ್ತದೆ. ಆಮೇಲೆ ಬರುವುದು ಬರೇ ಗಾಳಿ.

ಟ್ಯಾಂಕ್ ತುಂಬಿದ್ದರೆ ಡೀಸೆಲ್ ಮಟ್ಟ ತೂತಿಗಿಂತ ಮೇಲೆ ಇರುತ್ತದೆ. ಆಗ ಗಾಳಿ ಒಳಗೆ ಬರುವ ಬದಲು ಡೀಸೆಲ್ ಹೊರಗೆ ಜಿನುಗುತ್ತದೆ. ಸ್ಟಾರ್ಟ್ ಚೆನ್ನಾಗಿ ಆಗುತ್ತದೆ, ಅಂಗಳದಲ್ಲಿ ಕಾಮನಬಿಲ್ಲು ಮೂಡುತ್ತದೆ. ಅಣ್ಣ ಹೇಳಿದ್ದು, ಮಗು ಹೇಳಿದ್ದು ಎರಡೂ ಒಂದೇ ತೂತಿನ ಕಥೆ. ಆದರೆ ಜಗಲಿಯಲ್ಲಿ ಕೂತು ಹೇಳಿದ್ದನ್ನು ಗಾಡಿಯ ಮೇಲೆ ತೋರಿಸಬೇಕಲ್ವಾ. ಅದಕ್ಕೆ ಮೂರು ರಾತ್ರಿ ತೆಗೆದುಕೊಂಡೆವು. ಮಾಮೂಲಿನಂತೆ ಮೂತಿ ಮೇಲೆ ಮಾಡಿ ನಿಲ್ಲಿಸಿ, ಟ್ಯಾಂಕ್ ಕಾಲು ಭಾಗ ಇರಲಿ, ಬೆಳಿಗ್ಗೆ ನಾನು ಬರುವವರೆಗೆ ಮುಟ್ಟಬೇಡಿ ಅಂತ ಹೇಳಿ ಬಂದೆ.

ಬೆಳಿಗ್ಗೆ ಆರಕ್ಕೆ ಹೋದೆ. ಜಿರಿಜಿರಿ ಮಳೆ. ಅಣ್ಣ ಒಳಗೆ ಕೂತರು, ನಾನು ಸೈಲೆನ್ಸರ್ ಹಿಂದೆ ಕುಕ್ಕರುಗಾಲಲ್ಲಿ ಕೂತೆ. ಹಿಡಿಯಿತು, ನಾಲ್ಕು ಸೆಕೆಂಡ್, ನಿಂತಿತು. ಮತ್ತೆ ಹತ್ತು ಸೆಕೆಂಡ್ ಸೆಲ್ಫ್ ಹೊಡೆಸಿದೆ. ಸೈಲೆನ್ಸರಿನಿಂದ ಏನೂ ಇಲ್ಲ. ಬಿಳಿ ಹೊಗೆಯ ಒಂದು ಎಳೆಯೂ ಇಲ್ಲ.

ಈ ಒಂದು ನೋಟ ತುಂಬಾ ಕೆಲಸ ಉಳಿಸುತ್ತದೆ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ಬರುತ್ತಿದೆ, ಹತ್ತಿಕೊಳ್ಳುತ್ತಿಲ್ಲ ಅಂತ ಅರ್ಥ. ಆಗ ಹೀಟರ್, ಕಂಪ್ರೆಷನ್, ಪಂಪ್ ಟೈಮಿಂಗ್ ನೋಡಬೇಕು. ಹೊಗೆಯೇ ಇಲ್ಲ ಅಂದರೆ ಡೀಸೆಲ್ಲೇ ಬರುತ್ತಿಲ್ಲ. ಬಾರದ ಡೀಸೆಲ್ಲಿಗೆ ಹೊಸ ಹೀಟರ್ ಹಾಕಿ ಏನು ಪ್ರಯೋಜನ? ಸೊಲೆನಾಯ್ಡ್ ಕೀ ಹಾಕುವಾಗ ಟಿಕ್ ಅನ್ನುತ್ತಿತ್ತು, ಹಾಗಾಗಿ ದಾರಿ ಅಲ್ಲಿ ಕಟ್ಟಿಲ್ಲ.

ಬಾನೆಟ್ ತೆಗೆದು ಫಿಲ್ಟರ್ ಮೇಲಿನ ಹ್ಯಾಂಡ್ ಪ್ರೈಮರ್, ಅಂದರೆ ಕೈಯಲ್ಲಿ ಒತ್ತಿ ಡೀಸೆಲ್ ಎಳೆಯುವ ಸಣ್ಣ ಪಂಪು, ಒತ್ತಿದೆ. ಪುಸ್ ಪುಸ್ ಅಂತ ಸಡಿಲ. ಡೀಸೆಲ್ ತುಂಬಿದ್ದರೆ ಎರಡು ಮೂರು ಒತ್ತಿಗೇ ಬೆರಳಿಗೆ ಗಟ್ಟಿ ಸಿಗಬೇಕು. ಇಲ್ಲಿ ಇಪ್ಪತ್ತು ದಾಟಿದ ಮೇಲೆ ನಿಧಾನಕ್ಕೆ ಬಿಗಿ ಬಂತು, ಮೂವತ್ತರ ಹತ್ತಿರ ಗಟ್ಟಿಯಾಯಿತು. "ಈಗ ಹೊಡೀರಿ ಅಣ್ಣ." ಅರ್ಧ ಸುತ್ತಿಗೆ ಎಂಬಂತೆ ಸ್ಟಾರ್ಟ್. ಬಿಳಿ ಹೊಗೆ ಒಂದು ಸಲ ಬುಸ್ಸೆಂದು ಬಂದು ಹೋಯಿತು. ಅಣ್ಣ ಕಿಟಕಿಯಿಂದ ತಲೆ ಹೊರಹಾಕಿ ನನ್ನ ಮುಖ ನೋಡಿದರು.

ಎರಡನೇ ರಾತ್ರಿ ಗಾಡಿಯನ್ನು ರಿವರ್ಸ್ ಹಾಕಿ, ಮೂತಿ ಕೆಳಗೆ ಮಾಡಿ ನಿಲ್ಲಿಸಿದೆವು. ಟ್ಯಾಂಕ್ ಅದೇ ಕಾಲು ಭಾಗ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್. ಮೂರನೇ ರಾತ್ರಿ ಪುನಃ ಮೂತಿ ಮೇಲೆ. ಬೆಳಿಗ್ಗೆ ಪುನಃ ಅದೇ ಹಠ. ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ. ಆದರೆ ಪಂಪ್ ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು. ಪಂಪಿನ ಒಳಗಿನ ಸವೆತ ಗಾಡಿಯ ಮೂತಿ ನೋಡಿ ಬದಲಾಗುವುದಿಲ್ಲ.

ಇನ್ನು ತೂತು ಎಲ್ಲಿ ಅನ್ನುವುದು. ಫಿಲ್ಟರಿಗೂ ಪಂಪಿಗೂ ನಡುವೆ ಇದ್ದ ರಬ್ಬರ್ ಪೈಪು ತೆಗೆದು, ಅಲ್ಲಿ ಡೀಸೆಲ್ ತಡೆಯುವ ಪಾರದರ್ಶಕ ಪೈಪಿನ ತುಂಡು ಹಾಕಿದೆ. ಎಂಜಿನ್ ಐಡ್ಲಿಂಗ್‌ನಲ್ಲಿ ಓಡುವಾಗ ಸೋಡಾದ ಹಾಗೆ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದವು. ಆಮೇಲೆ ಟ್ಯಾಂಕಿನಿಂದ ಬರುವ ಪೈಪನ್ನು ಫಿಲ್ಟರಿನ ಬಾಯಿಯಿಂದ ಬಿಡಿಸಿ, ಐದು ಲೀಟರಿನ ಕ್ಯಾನಿನಲ್ಲಿ ಶುದ್ಧ ಡೀಸೆಲ್ ಇಟ್ಟು ಹೊಸ ಪೈಪಿನಿಂದ ನೇರ ಕೊಟ್ಟೆ. ಒಂದು ನಿಮಿಷದಲ್ಲಿ ಗುಳ್ಳೆ ನಿಂತಿತು. ಅಂದರೆ ಫಿಲ್ಟರ್, ಅದರ ರಬ್ಬರ್ ರಿಂಗ್, ಪ್ರೈಮರ್, ಕೆಳಗಿನ ನೀರು ಬಿಡುವ ಸ್ಕ್ರೂ ಎಲ್ಲ ಸರಿ. ಅನೇಕ ಗಾಡಿಗಳಲ್ಲಿ ಗಾಳಿ ಎಳೆಯುವುದು ಇಲ್ಲೇ. ಫಿಲ್ಟರ್ ಬದಲಿಸುವಾಗ ಹಳೇ ರಿಂಗ್ ಮೇಲೆಯೇ ಅಂಟಿಕೊಂಡು ಉಳಿದು, ಹೊಸದು ಅದರ ಮೇಲೆ ಕೂತು, ಸರಿಯಾಗಿ ಹಿಡಿಯದೇ ಇರುತ್ತದೆ. ಇಲ್ಲಿ ಹಾಗಾಗಿರಲಿಲ್ಲ. ಉಳಿದದ್ದು ಚಾಸಿಸ್ ಉದ್ದಕ್ಕೂ ಹೋಗುವ ಸ್ಟೀಲ್ ಪೈಪು.

ಮಣ್ಣು ತೊಳೆದು ಪೈಪಿನ ಎರಡೂ ಬದಿ ಬಿಡಿಸಿದೆ. ಟ್ಯಾಂಕಿನ ಕಡೆ ಬಾಯಿ ಮುಚ್ಚಿ, ಇನ್ನೊಂದು ಕಡೆಯಿಂದ ಸೈಕಲ್ ಪಂಪಿನಲ್ಲಿ ಸ್ವಲ್ಪವೇ ಗಾಳಿ ಕೊಟ್ಟೆ. ಕಂಪ್ರೆಸರ್ ಗಾಳಿ ಬೇಡ, ಟ್ಯಾಂಕಿಗಂತೂ ಯಾವತ್ತೂ ಬೇಡ. ಬ್ರಷ್‌ನಲ್ಲಿ ಸೋಪು ನೀರು ಹಚ್ಚುತ್ತಾ ಹಿಂದಿನಿಂದ ಮುಂದೆ ಬಂದೆ. ಕ್ಯಾಬಿನ್ ಹಿಂದೆ, ಬಾಡಿಯ ತಳದ ಶೀಟಿಗೆ ತುಕ್ಕು ತಿಂದು ತೂತಾದ ಜಾಗ ಒಂದಿದೆ. ಸರಿಯಾಗಿ ಅದರ ಕೆಳಗೆ ಪೈಪನ್ನು ಹಿಡಿದ ಕ್ಲಿಪ್ಪು. ಅದರ ಅಂಚಿನಿಂದ ನೊರೆ ನಿಧಾನಕ್ಕೆ ಉಬ್ಬಿ ಬಂತು.

ಕ್ಲಿಪ್ ಬಿಚ್ಚಿದೆ. ಒಳಗಿನ ರಬ್ಬರ್ ಒದ್ದೆ ಸ್ಪಂಜಿನ ಹಾಗೆ ಆಗಿತ್ತು, ಅಂಚಿನಲ್ಲಿ ನೀಲಿ ಹಸಿರು ಹಕ್ಕಳೆ. ಪೈಪಿನ ಮೇಲೆ ಗುಳಿ ಗುಳಿ, ಒಂದು ಗುಳಿಯ ನಡುವೆ ಸೂಜಿ ಮೊನೆಯಷ್ಟು ತೂತು. ಸುತ್ತ ಕೆಂಪು. ತುಕ್ಕು ಅಂದುಕೊಂಡು ನಾನು ಎಮ್ರಿ ಪೇಪರ್ ಹುಡುಕುತ್ತಿದ್ದೆ. ಅಣ್ಣ ಬಗ್ಗಿ ನೋಡಿ, ಸೊಂಟದ ಕತ್ತಿ ತೆಗೆದು ಮೊನೆಯಿಂದ ಮೆಲ್ಲ ಕೆರೆದರು. ತುಕ್ಕಿನ ಪುಡಿ ಉದುರಲಿಲ್ಲ. ಹೊಸ ತಾಮ್ರದ ಚೊಂಬಿನ ಹಾಗೆ ಹೊಳೆಯಿತು.

"ಇದು ತುತ್ತಿನ ಕೆಂಪು ಮಾರಾಯಾ!"

ಅಡಿಕೆ ಬೆಳೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವುದು ಮಳೆ ಹಿಡಿಯುವ ಮುಂಚೆ ಒಮ್ಮೆ, ಸುಮಾರು 40–45 ದಿನ ಬಿಟ್ಟು ಇನ್ನೊಮ್ಮೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಅದರಲ್ಲಿ ಕತ್ತಿ ಅದ್ದುತ್ತಾರೆ. ಕತ್ತಿಗೆ ಕೆಂಪು ಹಿಡಿದರೆ ಮದ್ದಿನಲ್ಲಿ ಇನ್ನೂ ಹುಳಿ ಉಂಟು, ಸುಣ್ಣ ಇನ್ನಷ್ಟು ಬೇಕು. ಆ ಕೆಂಪು ತಾಮ್ರ. ತುತ್ತಿನಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಅಷ್ಟೇ ಲೆಕ್ಕದ ಕಬ್ಬಿಣ ಕರಗಿ ಹೋಗುತ್ತದೆ. ತುತ್ತಿನ ನೀರನ್ನು ಕಬ್ಬಿಣದ ಪಾತ್ರೆಯಲ್ಲಿ ಇಡಬಾರದು ಅನ್ನುವುದು ಇದಕ್ಕೇ.

ಅಣ್ಣನಿಗೆ ಇನ್ನೊಂದು ತೋಟ ಎರಡು ಕಿಲೋಮೀಟರ್ ಕೆಳಗೆ ಇದೆ. ತುತ್ತನ್ನು ಮನೆಯಲ್ಲೇ ರಾತ್ರಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿಟ್ಟು, ಬೆಳಿಗ್ಗೆ ಪಿಕಪ್‌ನಲ್ಲಿ ಅಲ್ಲಿಗೆ ಒಯ್ದು ಸುಣ್ಣದ ಜೊತೆ ಸೇರಿಸುವುದು ಅವರ ಕ್ರಮ. ಅಂದರೆ ದಾರಿಯಲ್ಲಿ ತುಳುಕುವುದು ಸುಣ್ಣ ಸೇರದ ಬರೀ ತುತ್ತಿನ ನೀರು. ಡ್ರಮ್ಮು ಅತ್ತಿತ್ತ ಹೋಗದಿರಲಿ ಅಂತ ಕ್ಯಾಬಿನ್‌ಗೆ ಒತ್ತಿ ಇಡುತ್ತಿದ್ದರು. ಕೆಳಗೆ ಶೀಟಿನಲ್ಲಿ ತೂತು, ಅದರ ಕೆಳಗೆ ಕ್ಲಿಪ್ಪು. ರಬ್ಬರ್ ಅದನ್ನು ಹೀರಿ, ಮಳೆಗಾಲ ಪೂರ್ತಿ ಪೈಪಿಗೆ ಅಪ್ಪಿ ಹಿಡಿದಿತ್ತು. ತಾಮ್ರ ಅಂಟಿದ ಕಬ್ಬಿಣ ಒದ್ದೆಯಲ್ಲಿದ್ದರೆ ಪಕ್ಕದ ಕಬ್ಬಿಣ ಇನ್ನೂ ಬೇಗ ತಿನ್ನಿಸಿಕೊಳ್ಳುತ್ತದೆ. ಮದ್ದು ಬಿಟ್ಟ ಮೇಲೆ ಮಳೆಗಾಲದಲ್ಲೇ ತೊಂದರೆ ಶುರುವಾಗಿದ್ದು, ಮರುವರ್ಷ ಜಾಸ್ತಿ ಆಗಿದ್ದು, ಎಲ್ಲಕ್ಕೂ ಲೆಕ್ಕ ಸಿಕ್ಕಿತು. ನಿಜ ಹೇಳಬೇಕೆಂದರೆ, ತೂತು ಹುಡುಕಿದ್ದು ನಾನಾದರೂ ಕಾರಣ ಹೇಳಿದ್ದು ಅಣ್ಣ. ಅವರಿಲ್ಲದಿದ್ದರೆ ತುಕ್ಕು ಅಂತಲೇ ಪೈಪು ಬದಲಿಸಿ ಬರುತ್ತಿದ್ದೆ, ಎರಡು ವರ್ಷದಲ್ಲಿ ಹೊಸ ಪೈಪೂ ತೂತಾಗುತ್ತಿತ್ತು.

ರಿಪೇರಿ ದೊಡ್ಡದೇನಲ್ಲ. ತೂತಿಗೆ ಎಂ-ಸೀಲ್ ಮೆತ್ತುವುದು, ರಬ್ಬರ್ ಪೈಪು ಸಿಕ್ಕಿಸಿ ತಂತಿ ಸುತ್ತುವುದು ನನಗೆ ಸಮಾಧಾನ ಇಲ್ಲ. ಗುಳಿ ಬಿದ್ದ ಭಾಗ ಪೂರ್ತಿ ಕತ್ತರಿಸಿ ತೆಗೆದು, ಅದೇ ಅಳತೆಯ ಸ್ಟೀಲ್ ಪೈಪು ಬಾಗಿಸಿ ಕೂರಿಸಿದೆ. ಜೋಡಣೆಗೆ ಡೀಸೆಲ್ಲಿನದ್ದೇ ಹೋಸ್, ಎರಡೂ ತುದಿಗೆ ಎರಡೆರಡು ಕ್ಲಿಪ್. ದಾರಿಯನ್ನು ಚಾಸಿಸ್‌ನ ಒಳಬದಿಗೆ ಸರಿಸಿದೆ, ಮೇಲಿಂದ ಬಿದ್ದದ್ದು ತಾಗಬಾರದು ಅಂತ. ಕ್ಲಿಪ್ ಕೂರುವ ಜಾಗಕ್ಕೆ ಕಪ್ಪು ಪೇಂಟು. ಬಾಡಿ ತಳಕ್ಕೆ ಶೀಟ್ ತುಂಡು ವೆಲ್ಡ್ ಮಾಡಿಸಿದರು. ಹೊಸ ಫಿಲ್ಟರ್ ಹಾಕಿ, ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ಇಲ್ಲದ ಡೀಸೆಲ್ ಬರುವವರೆಗೆ ಪ್ರೈಮರ್ ಒತ್ತಿ ಬಿಗಿ ಮಾಡಿದೆ. ಪಾರದರ್ಶಕ ಪೈಪನ್ನು ಒಂದು ದಿನ ಹಾಗೇ ಬಿಟ್ಟು, ಒಂದು ಗುಳ್ಳೆಯೂ ಇಲ್ಲ ಅಂತ ನೋಡಿದ ಮೇಲೆ ತೆಗೆದು ರಬ್ಬರ್ ಪೈಪು ಹಾಕಿದ್ದು. ವೆಲ್ಡಿಂಗ್ ಸೇರಿ ಎರಡು ಸಾವಿರದ ಒಳಗೆ ಮುಗಿಯಿತು.

ಒಂದು ಚಿಂತೆ ನನಗೆ ಉಳಿದಿತ್ತು. ರೋಟರಿ ಪಂಪಿಗೆ ಬೇರೆ ಎಣ್ಣೆ ಇಲ್ಲ, ಡೀಸೆಲ್ಲೇ ಅದರ ಎಣ್ಣೆ. ಹಿಂದಿನ ಮಳೆಗಾಲದಲ್ಲಿ ಅಪರೂಪಕ್ಕೆ, ಈ ಸಲ ಹೆಚ್ಚುಕಡಿಮೆ ದಿನಾ ಬೆಳಿಗ್ಗೆ ಅದು ಗಾಳಿ ಕುಡಿದು ಒಣಗಿ ತಿರುಗಿದೆ. ಹಾಗಾಗಿ ಎಂಜಿನ್ ಬಿಸಿಯಾದ ಮೇಲೂ ಸ್ಟಾರ್ಟ್ ಹೇಗಿದೆ ಅಂತ ಬೇರೆಯೇ ನೋಡಿದೆ. ಪಂಪ್ ಸವೆದಿದ್ದರೆ ಡೀಸೆಲ್ ಬಿಸಿಯಾಗಿ ತೆಳ್ಳಗಾದಾಗ ಸ್ಟಾರ್ಟ್ ಕಷ್ಟ ಆಗುತ್ತದೆ. ಪೆರ್ಲದ ಏರಿನಲ್ಲಿ ಲೋಡು ಹಾಕಿ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಹೊಡೆದರೆ ಕೂಡಲೇ ಹಿಡಿಯಿತು. ಸದ್ಯಕ್ಕೆ ಪಂಪ್ ಮುಟ್ಟುವ ಅಗತ್ಯ ಇಲ್ಲ ಅಂತ ಹೇಳಿದೆ.

ಆಗಸ್ಟ್ ಕೊನೆಗೆ ಆ ದಾರಿಯಲ್ಲಿ ಹೋಗಿದ್ದಾಗ ಒಳಗೆ ಹೋಗಿ ನೋಡಿದೆ. ಗಾಡಿ ಶೆಡ್ಡಿನಲ್ಲಿ ಮೂತಿ ಮೇಲೆ ಮಾಡಿ ನಿಂತಿತ್ತು, ಡೀಸೆಲ್ ಮೀಟರಿನ ಮುಳ್ಳು ಕಾಲು ಭಾಗಕ್ಕಿಂತ ಕೆಳಗೆ. ಹಿಂದಿನ ಸಂಜೆಯಿಂದ ಹೊರಗೆ ತೆಗೆದಿರಲಿಲ್ಲ. ಪ್ರೈಮರ್ ಒತ್ತಿದೆ, ಎರಡನೇ ಒತ್ತಿಗೇ ಗಟ್ಟಿ. ಅಣ್ಣ ಕೀ ತಿರುಗಿಸಿದರು, ಎರಡು ಸೆಕೆಂಡಿನಲ್ಲಿ ಹಿಡಿದು ಹಾಗೇ ಓಡಿತು. ಎರಡನೇ ಸಲದ ಮದ್ದು ಅಷ್ಟರಲ್ಲಿ ಮುಗಿದಿತ್ತು. ಈ ಸಲ ತುತ್ತನ್ನು ಪುಡಿಯಾಗಿಯೇ ಗೋಣಿಯಲ್ಲಿ ಒಯ್ದು ಕೆಳಗಿನ ತೋಟದಲ್ಲೇ ಕರಗಿಸಿದರಂತೆ. ಟಾರ್ಚ್ ಹಿಡಿದು ಕೆಳಗೆ ನುಗ್ಗಿ ಕ್ಲಿಪ್ ನೋಡಿದೆ. ಪೇಂಟು ಕಪ್ಪಗೇ ಇತ್ತು.